ಬೋರ್ಡಿನ ಮೇಲಿನ ಹತ್ತು ಕೌಶಲ ಅಳಿಸಿ, ಮಕ್ಕಳ ಬಾಯಿಗೆ ಮಾತು ಕೊಡಿ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಈ ವರ್ಷ ಎಂಟು ಮತ್ತು ಒಂಬತ್ತನೇ ತರಗತಿಗೆ ಜೀವನ ಕೌಶಲ ಕಲಿಸುವ ಕೆಲಸ ನನಗೆ ಬಂದಿದೆ. ವಾರಕ್ಕೆ ಒಂದು ಪೀರಿಯಡ್. ಹತ್ತು ಕೌಶಲಗಳನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಮಕ್ಕಳು ಹತ್ತನ್ನೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಜಗಳ, ಅಳು, ಮೊಬೈಲ್ ಹುಚ್ಚು, ಶಾಲೆ ತಪ್ಪಿಸುವುದು ಎಲ್ಲ ಹಾಗೇ ಇದೆ. 'ಆ ಪೀರಿಯಡ್ ನಮಗೆ ಕೊಡಿ, ಗಣಿತ ಮುಗಿಸ್ತೀವಿ' ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಇದನ್ನು ಹೇಗೆ ಕಲಿಸಬೇಕು? ಇನ್ನೊಂದು ವಿಷಯ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲಿ ತನ್ನ ಮದುವೆ ಮಾತು ನಡೆಯುತ್ತಿದೆ ಎಂದು ಹೇಳಿ, 'ಯಾರಿಗೂ ಹೇಳಬೇಡಿ ಮೇಡಂ' ಎಂದಳು. ಹೇಳಲ್ಲ ಎಂದು ಮಾತು ಕೊಟ್ಟುಬಿಟ್ಟೆ. ನಾನು ಮಾಡಿದ್ದು ಸರಿಯೇ?

ಉತ್ತರ: ಮೇಡಂ, ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಮುಂದಿನ ಪೀರಿಯಡ್‌ವರೆಗೆ ಕಾಯುವ ವಿಷಯವಲ್ಲ.

ಆ ಹುಡುಗಿ ಇಷ್ಟು ಜನ ದೊಡ್ಡವರಲ್ಲಿ ನಿಮ್ಮನ್ನು ಆರಿಸಿಕೊಂಡು ಬಂದು ಹೇಳಿದ್ದಾಳೆ. ಅದು ಚಿಕ್ಕ ಮಾತಲ್ಲ. ಆದರೆ ನೀವು ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಹಾಗಿಲ್ಲ. ನಾಳೆಯೇ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ನೇರವಾಗಿ ಹೇಳಿ: 'ಅವತ್ತು ಯಾರಿಗೂ ಹೇಳಲ್ಲ ಅಂದೆ, ತಪ್ಪಾಯ್ತು. ಇದನ್ನು ನಾನೊಬ್ಬಳೇ ಇಟ್ಟುಕೊಂಡರೆ ನಿನ್ನನ್ನು ಕಾಪಾಡೋಕೆ ಆಗಲ್ಲ. ಯಾರಿಗೆ ಹೇಳ್ತೀನಿ, ಏನು ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ.' ಅವಳು ಅಳಬಹುದು, ಕೋಪ ಮಾಡಿಕೊಳ್ಳಬಹುದು. ಪಕ್ಕದಲ್ಲೇ ಕೂತಿರಿ. ಆಮೇಲೆ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೂ ಹೇಳಿ. ಹುಡುಗಿಗೆ 18 ತುಂಬದೆ ಮಾಡುವ ಮದುವೆ ಅಪರಾಧ ಎಂದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೇಳುತ್ತದೆ. ಕರ್ನಾಟಕ ಆ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ, ನಮ್ಮಲ್ಲಿ ಅಂಥ ಮದುವೆ ಆಗಿದ್ದರೂ ಮೊದಲಿನಿಂದಲೇ ಮದುವೆ ಎನಿಸಿಕೊಳ್ಳುವುದಿಲ್ಲ. ಅಪ್ಪನನ್ನು ಜೈಲಿಗೆ ಹಾಕುತ್ತಾರೆ ಎಂಬ ಹೆದರಿಕೆಯಿಂದಲೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಮದುವೆಗೆ ಮೊದಲೇ ವಿಷಯ ಗೊತ್ತಾದರೆ ಅಧಿಕಾರಿಗಳು ಸಾಮಾನ್ಯವಾಗಿ ಮನೆಗೆ ಬಂದು ಮಾತಾಡಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಇದನ್ನು ಅವಳಿಗೆ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಯಾರಾದರೂ ಕೆಟ್ಟದಾಗಿ ಮೈ ಮುಟ್ಟಿದ, ಲೈಂಗಿಕವಾಗಿ ಹಿಂಸಿಸಿದ ವಿಷಯ ಮಗು ಹೇಳಿದರಂತೂ ಯೋಚಿಸುತ್ತ ಕೂರುವ ಹಾಗೇ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಶಿಕ್ಷೆ ಇದೆ. ಹಾಗಾಗಿ ಇನ್ನು ಮುಂದೆ ಹೊಸ ತರಗತಿಯ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ: 'ನೀವು ಹೇಳಿದ್ದು ನನ್ನಲ್ಲೇ ಇರುತ್ತೆ. ನಿಮ್ಮ ಜೀವಕ್ಕೋ ಮೈಗೋ ಅಪಾಯ ಇದ್ದರೆ ಮಾತ್ರ ನಾನೊಬ್ಬಳೇ ಇಟ್ಟುಕೊಳ್ಳಲ್ಲ.' ಇಷ್ಟು ಮೊದಲೇ ಹೇಳಿದ್ದರೆ ಆಮೇಲೆ ಮಾತು ಮುರಿಯುವ ಸಂಕಟ ಬರುವುದಿಲ್ಲ.

ಈಗ ತರಗತಿಯ ವಿಷಯ.

ನೀವು ಬೋರ್ಡಿನ ಮೇಲೆ ಬರೆದ ಹತ್ತು ಕೌಶಲಗಳು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದ ಮೊದಲಲ್ಲಿ ಶಾಲೆಗಳಿಗಾಗಿ ಕೊಟ್ಟ ಪಟ್ಟಿ. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ಕಷ್ಟ ಅರ್ಥ ಮಾಡಿಕೊಳ್ಳುವುದು, ವಿಮರ್ಶೆಯಿಂದ ಯೋಚಿಸುವುದು, ಹೊಸದಾಗಿ ಯೋಚಿಸುವುದು, ತೀರ್ಮಾನ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಸರಿಯಾಗಿ ಮಾತಾಡುವುದು, ಸಂಬಂಧ ಉಳಿಸಿಕೊಳ್ಳುವುದು, ಒತ್ತಡ ತಡೆದುಕೊಳ್ಳುವುದು, ಭಾವನೆಗಳನ್ನು ನಿಭಾಯಿಸುವುದು. ಪಟ್ಟಿ ಚೆನ್ನಾಗಿದೆ. ಆದರೆ ಅದು ನಿಮಗೆ, ಪಾಠ ಯೋಜಿಸುವವರಿಗೆ. ಮಕ್ಕಳಿಗೆ ಅದು ಬೇಕಿಲ್ಲ. ಪೆಡಲ್, ಬ್ರೇಕ್, ಹ್ಯಾಂಡಲ್ ಎಂದು ಹೆಸರು ಬರೆಸಿದರೆ ಯಾರಿಗೂ ಸೈಕಲ್ ಬರುವುದಿಲ್ಲ ಅಲ್ವಾ? ಯಾರೋ ಹಿಂದೆ ಹಿಡಿದುಕೊಂಡು ಓಡಬೇಕು. ಎರಡು ಸಾರಿ ಬೀಳಬೇಕು.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹೈಸ್ಕೂಲುಗಳಲ್ಲಿ ಮಕ್ಕಳ ಜೊತೆ, ಶಿಕ್ಷಕರ ಜೊತೆ ಈ ಕೆಲಸ ಮಾಡಿದ್ದೇನೆ. ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ. ಕಷ್ಟದ ದಿನ ಬಂದಾಗ ಮಗು ಹೇಳಬೇಕಾದ ಮಾತು, ಆ ದಿನಕ್ಕೆ ಮೊದಲೇ ಒಂದು ಸಾರಿಯಾದರೂ ಅದರ ಬಾಯಿಂದ ಹೊರಟಿರಬೇಕು. ಜೋರಾಗಿ, ಬೇರೆಯವರ ಎದುರಿಗೆ. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು.

ಒಂದು ತರಗತಿಯನ್ನು ಹತ್ತಿರದಿಂದ ತೋರಿಸುತ್ತೇನೆ. ಚಿಂತಾಮಣಿ ತಾಲ್ಲೂಕಿನ ಒಂದು ಶಾಲೆ, ಒಂಬತ್ತನೇ ತರಗತಿ. ಒಂದು ಬೆಂಚನ್ನು ಉದ್ದಕ್ಕೆ ಎಳೆದು ಬೈಕ್ ಮಾಡಿಕೊಂಡೆವು. ಇಬ್ಬರು ಹುಡುಗರು ಎರಡೂ ಕಡೆ ಕಾಲು ಹಾಕಿ ಕೂತರು. ಅವರು ಮೂರನೆಯವನನ್ನು ಕರೆಯಬೇಕು. 'ಬಾರೋ, ಕೈಲಾಸಗಿರಿಗೆ ಹೋಗಿ ಬರೋಣ. ಅಣ್ಣನ ಗಾಡಿ. ಯಾರಿಗೂ ಗೊತ್ತಾಗಲ್ಲ.' ಮೂರನೆಯವನು ಹೇಳಬೇಕಾದದ್ದು ಬರಲ್ಲ ಅಂತ, ಅಷ್ಟೆ. ಮಾತು ಹೊರಡಲಿಲ್ಲ. ಕತ್ತು ಕೆರೆದುಕೊಂಡ. ನೆಲ ನೋಡಿದ. ಹಲ್ಲು ಬಿಟ್ಟ. ಹಿಂದಿನ ಬೆಂಚಿನಿಂದ ಯಾರೋ 'ಪುಕ್ಕಲ' ಅಂದರು, ಎಲ್ಲರೂ ನಕ್ಕರು. ಅವನು ಹೋಗಿ ಬೆಂಚಿನ ಮೇಲೆ ಕೂತೇಬಿಟ್ಟ.

ಇದು ನಾಟಕ, ಅವನಿಗೂ ಗೊತ್ತು. ಬೆಂಚು ಎಲ್ಲಿಗೂ ಹೋಗುವುದಿಲ್ಲ. ಆದರೂ ಕೂತ. 'ಯಾಕೆ ಹತ್ತಿದೆ?' ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: 'ಗೊತ್ತಿಲ್ಲ ಸಾರ್. ಅವ್ರು ನಗ್ತಿದ್ರು.'

ಹದಿಹರೆಯದ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳ ಸಾರ ಆ ಒಂದು ಮಾತಿನಲ್ಲಿತ್ತು. ಈ ವಯಸ್ಸಿನಲ್ಲಿ ಖುಷಿ, ರೋಮಾಂಚನ, ಗೆಳೆಯರ ಮೆಚ್ಚುಗೆಗೆ ಓಗೊಡುವ ಮಿದುಳಿನ ಭಾಗ ಬೇಗ ಚುರುಕಾಗುತ್ತದೆ. ತಡೆದು ನಿಲ್ಲಿಸಿ ಯೋಚಿಸುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16 ವಯಸ್ಸಿನವರು ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಜಾಸ್ತಿ ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮಕ್ಕಳಿಗೆ ತಪ್ಪು ಯಾವುದು ಎಂದು ಗೊತ್ತಿಲ್ಲದೆ ಇಲ್ಲ. ಗೆಳೆಯರ ನಗು ಕಿವಿಗೆ ಬಿದ್ದ ಕ್ಷಣದಲ್ಲಿ ಗೊತ್ತಿದ್ದದ್ದು ಕೈಗೆ ಸಿಗುವುದಿಲ್ಲ. ಅದಕ್ಕೇ ಅಭ್ಯಾಸವೂ ಆ ನಗುವಿನ ನಡುವೆಯೇ ಆಗಬೇಕು.

ಆ ದಿನ ಮುಂದೆ ಏನಾಯಿತು ಎಂದರೆ, 'ಇವನಿಗೆ ಒಂದೊಂದು ಮಾತು ಕೊಡಿ' ಎಂದು ಇಡೀ ತರಗತಿಯನ್ನು ಕೇಳಿದೆ. 'ನಂಗೆ ಟ್ಯೂಷನ್ ಇದೆ ಅನ್ನು' ಎಂದ ಒಬ್ಬ. ಅದು ಇವತ್ತಿಗೆ ಆಗುತ್ತೆ, ನಾಳೆ ಮತ್ತೆ ಕರೀತಾರೆ ಎಂದು ಒಬ್ಬಳು ತಳ್ಳಿಹಾಕಿದಳು. 'ಸಿಕ್ಕಿಬಿದ್ರೆ ಮನೆಯವ್ರಿಗೆ 25 ಸಾವಿರ ದಂಡ ಕಣೋ' ಎಂದ ಇನ್ನೊಬ್ಬ. ಅವನು ಹೇಳಿದ್ದು ನಿಜ. ಮೋಟಾರು ವಾಹನ ಕಾಯ್ದೆಗೆ ಬಂದ 2019ರ ತಿದ್ದುಪಡಿ ಪ್ರಕಾರ ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕೊನೆಗೆ ಮುಂದಿನ ಬೆಂಚಿನ ಸಣ್ಣ ಹುಡುಗನೊಬ್ಬ, 'ಭಾನುವಾರ ಬಸ್ಸಲ್ಲಿ ಹೋಗೋದಾದ್ರೆ ಬರ್ತೀನಿ ಅನ್ನು' ಎಂದ. ನಮ್ಮ ಹುಡುಗ ಅದನ್ನೇ ಆರಿಸಿಕೊಂಡ. ಮೊದಲ ಸಾರಿ ಗೊಣಗಿದ. ಎರಡನೇ ಸಾರಿ ಕೇಳಿಸುವ ಹಾಗೆ ಹೇಳಿದ. ಮೂರನೇ ಸಾರಿ ಹೇಳುವಾಗ ಅವನ ಕತ್ತು ಎದ್ದಿತ್ತು, ಕಣ್ಣು ಅವರ ಮೇಲಿತ್ತು. ಗೆಳೆಯರನ್ನು ಕಳೆದುಕೊಳ್ಳದೆ ಬೇಡ ಎನ್ನುವ ದಾರಿ ಅವನಿಗೆ ಬೇಕಾಗಿತ್ತು. ಅದನ್ನು ಕೊಟ್ಟದ್ದು ಅವನಷ್ಟೇ ವಯಸ್ಸಿನ ಇನ್ನೊಬ್ಬ ಹುಡುಗ. ನಾನಾಗಿದ್ದರೆ ಆ ಮಾತು ನನಗೆ ಹೊಳೆಯುತ್ತಿರಲಿಲ್ಲ.

ನಿಮ್ಮ ನಲವತ್ತು ನಿಮಿಷವನ್ನು ಹೀಗೇ ಬಳಸಿ. ಒಂದು ಸನ್ನಿವೇಶ ಸಾಕು. ಐದಾರು ಮಕ್ಕಳ ಗುಂಪುಗಳಲ್ಲಿ ಸ್ವಲ್ಪ ಹೊತ್ತು ಮಾತು, ಎರಡು ಮೂರು ಸಾರಿ ಅಭಿನಯ. ಆಮೇಲೆ ಕನಿಷ್ಠ ಹತ್ತು ಹದಿನೈದು ನಿಮಿಷ ಚರ್ಚೆ. ಬಹಳ ಜನ ಶಿಕ್ಷಕರು ಎಡವುವುದು ಇಲ್ಲೇ. ಆಟ ಆಡಿಸುತ್ತಾರೆ, ಮಕ್ಕಳು ನಗುತ್ತಾರೆ, ಬೆಲ್ ಹೊಡೆಯುತ್ತದೆ. ಅಲ್ಲಿಗೆ ಅದು ಸುಮ್ನೆ ಆಟ. ಕಲಿಕೆ ಆಗುವುದು ಆಟ ಮುಗಿದ ಮೇಲೆ ನೀವು ಕೇಳುವ ಪ್ರಶ್ನೆಗಳಲ್ಲಿ. ಅವನಿಗೆ ಆಗ ಏನನ್ನಿಸಿರಬಹುದು? ಅವಳು ಯಾವ ಜಾಗದಲ್ಲಿ ಸೋತಳು? ಬೇರೆ ಹೇಗೆ ಹೇಳಬಹುದಿತ್ತು? ನಮ್ಮೂರಲ್ಲಿ ಇದು ನಡೆಯುತ್ತಾ? ಕೇಳಿದ ಮೇಲೆ ಉತ್ತರ ನೀವೇ ಹೇಳಿಬಿಡಬೇಡಿ. ಪಾಠ ಮಾಡಿ ಅಭ್ಯಾಸವಾದ ನಮಗೆ ಹತ್ತು ಸೆಕೆಂಡ್ ಮೌನ ತಡೆಯುವುದೇ ಕಷ್ಟ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಹದಿನೈದು ದಾಟುವಷ್ಟರಲ್ಲಿ ಯಾರಾದರೂ ಬಾಯಿ ತೆಗೆಯುತ್ತಾರೆ.

ಮಾತು ಕಲಿಸಿದರೆ ಮಾತ್ರ ಸಾಕೇ ಎಂದರೆ, ಸಾಲದು. ಬಾಗೇಪಲ್ಲಿ ಕಡೆಯ ಒಂದು ಶಾಲೆಯಲ್ಲಿ ಹತ್ತನೇ ತರಗತಿಯ ಹುಡುಗಿ ಅಪ್ಪನ ಹತ್ತಿರ ಪಿಯುಸಿ ಓದುತ್ತೇನೆ ಎಂದು ಕೇಳುವ ಸನ್ನಿವೇಶ ಮಾಡಿಸಿದೆ. ಹುಡುಗನೊಬ್ಬ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಪ್ಪನಾದ. ಬಹಳ ಚೆನ್ನಾಗಿ ಅಪ್ಪನಾದ. 'ದುಡ್ಡು ಎಲ್ಲಿಂದ ತರ್ಲಿ? ಅಷ್ಟು ದೂರ ದಿನಾ ಯಾರು ಕರ್ಕೊಂಡು ಹೋಗ್ತಾರೆ?' ಎಂದ. ಹುಡುಗಿಯ ಹತ್ತಿರ ಉತ್ತರ ಇರಲಿಲ್ಲ. ಕಣ್ಣು ತುಂಬಿತು. ಅಲ್ಲಿಗೆ ಆಟ ನಿಲ್ಲಿಸಿ, 'ಮುಂದಿನ ವಾರ ಅಪ್ಪನ ಎರಡು ಪ್ರಶ್ನೆಗೂ ಉತ್ತರ ಹುಡುಕಿಕೊಂಡು ಬನ್ನಿ' ಎಂದು ಎಲ್ಲರಿಗೂ ಹೇಳಿದೆ. ಹುಡುಕಿ ತಂದರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹಿಂದುಳಿದ ವರ್ಗದ, ಸಮಾಜ ಕಲ್ಯಾಣದ ಹಾಸ್ಟೆಲುಗಳಿವೆ. ಅರ್ಜಿ ಎಲ್ಲಿ ಕೊಡಬೇಕು ಎಂದು ಒಬ್ಬಳು ಕೇಳಿಕೊಂಡು ಬಂದಿದ್ದಳು. ಬೆಳಗಿನ ಬಸ್ಸಿಗೆ ಪಕ್ಕದ ಬೀದಿಯ ಅಕ್ಕನೂ ಹೋಗುತ್ತಾಳೆ ಎಂಬುದನ್ನು ಇನ್ನೊಬ್ಬಳು ತಂದಳು. ಎರಡನೇ ಸಾರಿ ಆ ಹುಡುಗಿ ಮಾತಾಡಿದಾಗ ಬೇಡಿಕೊಳ್ಳುವ ದನಿ ಇರಲಿಲ್ಲ. ಲೆಕ್ಕ ಒಪ್ಪಿಸುವ ದನಿ ಇತ್ತು. ಟವೆಲ್ ಹಾಕಿಕೊಂಡ ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, 'ನೋಡೋಣ, ನಿಮ್ಮಮ್ಮನ್ನ ಕೇಳ್ತೀನಿ' ಎಂದ. ನಮ್ಮ ಕಡೆ ಅಪ್ಪಂದಿರು ಒಪ್ಪುವುದು ಹೀಗೇ ಅಲ್ವಾ? ನಿಮ್ಮ ಒಂಬತ್ತನೇ ತರಗತಿಯಲ್ಲಿ ಈ ಸನ್ನಿವೇಶವನ್ನು ಬೇಗ ಮಾಡಿಸಿ. ಮದುವೆ ಮಾತು ನಡೆಯುತ್ತಿರುವುದು ಒಂದೇ ಮನೆಯಲ್ಲಿ ಎಂದು ನನಗನ್ನಿಸುವುದಿಲ್ಲ. ಆದರೆ ಆ ಹುಡುಗಿಯನ್ನು ಮಾತ್ರ ಮುಂದೆ ಕರೆಯಬೇಡಿ.

ಹೀಗೆ ಹೇಳುವುದಕ್ಕೆ ಕಾರಣ ಇದೆ. ಶುರುವಿನ ವರ್ಷಗಳಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಒಂದು ಶಾಲೆಯಲ್ಲಿ ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ, ಪ್ರತಿಯೊಬ್ಬರೂ ತಮ್ಮ ಜೀವನದ ಅತಿ ಕಷ್ಟದ ವಿಷಯ ಹೇಳಿ ಎಂದೆ. ಎಂಟನೇ ತರಗತಿಯ ಹುಡುಗನೊಬ್ಬ ಅಪ್ಪನ ಕುಡಿತದ ವಿಷಯ, ರಾತ್ರಿ ಅಮ್ಮ ಹೊರಗೆ ಕೂರುವ ವಿಷಯ ಹೇಳಿ ಅತ್ತ. ಎಷ್ಟು ಒಳ್ಳೆಯ ತರಗತಿ ಎಂದುಕೊಂಡು ಮನೆಗೆ ಹೋದೆ. ಸಂಜೆಯೊಳಗೆ ಆ ಮಾತು ಊರೆಲ್ಲ ಹರಡಿತ್ತು. ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೆ ನನ್ನ ಮುಖ ನೋಡಲಿಲ್ಲ. ಅವನಲ್ಲಿ ಕ್ಷಮೆ ಕೇಳಿದೆ. ಆದರೆ ಆಡಿಸಿದ ಮಾತನ್ನು ವಾಪಸ್ ತರುವುದು ಹೇಗೆ? ಅವತ್ತಿನಿಂದ ತರಗತಿಯಲ್ಲಿ ಯಾವ ಮಗುವಿನ ಸ್ವಂತ ಕತೆಯನ್ನೂ ಕೇಳುವುದಿಲ್ಲ. 'ಒಂದೂರಲ್ಲಿ ಒಬ್ಬ ಹುಡುಗ ಇದ್ದಾನೆ' ಎಂದೇ ಶುರು ಮಾಡುತ್ತೇನೆ. ಮಕ್ಕಳು ಅವನ ಹೆಸರಿನಲ್ಲಿ ತಮ್ಮದನ್ನೇ ಮಾತಾಡುತ್ತಾರೆ, ಯಾರಿಗೂ ಸಿಕ್ಕಿಬೀಳುವುದಿಲ್ಲ. ಯಾರಿಗಾದರೂ ಹೇಳಿಕೊಳ್ಳಬೇಕು ಎನಿಸಿದರೆ ತರಗತಿ ಮುಗಿದ ಮೇಲೆ ತಾವೇ ಬರುತ್ತಾರೆ.

ನಿಮ್ಮ ಜಿಲ್ಲೆಯವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಕೆಲವರದು ಉರ್ದು. ಶಾಲೆಯ ಕನ್ನಡದಲ್ಲಿ ಅವರು ಪಾಠ ಚೆನ್ನಾಗಿ ಒಪ್ಪಿಸುತ್ತಾರೆ. ಆದರೆ ಕೋಪ, ನಾಚಿಕೆ, ಹೊಟ್ಟೆಕಿಚ್ಚು ಬರುವುದು ಮನೆಮಾತಿನಲ್ಲಿ. ಅಮ್ಮನ ಜೊತೆ ಜಗಳ ಆಡುವ ಸನ್ನಿವೇಶವನ್ನು ಪುಸ್ತಕದ ಕನ್ನಡದಲ್ಲಿ ಮಾಡಿಸಿದರೆ ಗೊಂಬೆಗಳ ಹಾಗೆ ನಿಲ್ಲುತ್ತಾರೆ. 'ಮನೇಲಿ ಹೇಗೆ ಮಾತಾಡ್ತೀರೋ ಹಾಗೇ ಆಡಿ' ಎಂದು ಬಿಟ್ಟುಕೊಡಿ. ಭಾಷೆ ಬದಲಾದ ಕೂಡಲೇ ಕೈ ಆಡುತ್ತದೆ, ಹುಬ್ಬು ಏರುತ್ತದೆ, ಮಗು ನಿಜವಾಗಿ ಮಾತಾಡುತ್ತದೆ. ಚರ್ಚೆ ಬೇಕಾದರೆ ಕನ್ನಡದಲ್ಲಿ ಆಗಲಿ.

ಉದಾಹರಣೆಗಳನ್ನೂ ಮಕ್ಕಳ ಮನೆಯಿಂದಲೇ ತೆಗೆದುಕೊಳ್ಳಿ. ಕೈಪಿಡಿಯಲ್ಲಿ ಪಟ್ಟಣದ ಮಕ್ಕಳ ಉದಾಹರಣೆ ಇದ್ದರೆ ಬದಲಾಯಿಸಿಕೊಳ್ಳಿ. ತೀರ್ಮಾನ ತೆಗೆದುಕೊಳ್ಳುವ ಪಾಠಕ್ಕೆ ನಾನು ಟೊಮ್ಯಾಟೊ ಬಳಸುತ್ತೇನೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ನಮ್ಮ ಕಡೆ ಮಕ್ಕಳಿಗೆ ಅದು ಹಬ್ಬದ ಹಾಗೆ ನೆನಪಿದೆ. ಪಕ್ಕದವರಿಗೆ ದುಡ್ಡು ಬಂತು ಎಂದು ಎಷ್ಟೋ ಜನ ನೆಟ್ಟರು. ಒಂದೆರಡು ತಿಂಗಳಲ್ಲೇ ಬೆಲೆ ನೆಲ ಕಚ್ಚಿತು. 'ನೆಡುವ ಮೊದಲು ಏನೇನು ಕೇಳಿಕೊಳ್ಳಬೇಕಿತ್ತು?' ಎಂದು ಕೇಳಿ ನೋಡಿ. ನೀರು ಇದೆಯಾ, ಸಾಲ ಎಷ್ಟು, ಬೆಳೆ ಕೈಗೆ ಬರೋ ಹೊತ್ತಿಗೆ ಇನ್ನೆಷ್ಟು ಜನ ಬೆಳೆದಿರ್ತಾರೆ, ನಷ್ಟವಾದರೆ ಏನು ದಾರಿ. ಎಲ್ಲ ಮಕ್ಕಳೇ ಹೇಳುತ್ತಾರೆ, ನೀವು ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಟೊಮ್ಯಾಟೊ ಅಳಿಸಿ ಆ ಜಾಗದಲ್ಲಿ 'ಗೆಳೆಯರೆಲ್ಲ ತಗೊಂಡ್ರು ಅಂತ ಪಿಯುಸಿಯಲ್ಲಿ ಸೈನ್ಸ್' ಎಂದು ಬರೆಯಿರಿ. ಪ್ರಶ್ನೆಗಳು ಹಾಗೇ ಇರಲಿ. ಆ ಕ್ಷಣದಲ್ಲಿ ತರಗತಿಯಲ್ಲಿ ಬೀಳುವ ಮೌನ ನನಗೆ ಬಹಳ ಇಷ್ಟ.

ಶಿಡ್ಲಘಟ್ಟದ ಹತ್ತಿರ ಒಬ್ಬ ಹುಡುಗ ನನಗೇ ಪಾಠ ಹೇಳಿದ. ಅಪ್ಪನ ಹತ್ತಿರ ಯಾವಾಗ ಮಾತಾಡಬೇಕು ಎಂಬ ಚರ್ಚೆ ನಡೆಯುತ್ತಿತ್ತು. ರೇಷ್ಮೆ ಹುಳ ನಾಲ್ಕು ಸಾರಿ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ ಎಂದು ನಿಮಗೆ ಗೊತ್ತೇ ಇದೆ. ಆಗ ಸೊಪ್ಪು ತಿನ್ನುವುದಿಲ್ಲ, ಅದನ್ನು ಅಲುಗಾಡಿಸಬಾರದು. ಆ ಹುಡುಗ ಹೇಳಿದ: 'ಗೂಡಿನ ರೇಟ್ ಬಿದ್ದ ದಿನ ನಮ್ಮಪ್ಪಾನೂ ಜ್ವರಕ್ಕೆ ಕೂತಂಗೆ ಸಾರ್. ಅವತ್ತು ಏನ್ ಹೇಳಿದ್ರೂ ಬೈಯ್ತಾರೆ. ಮಾರನೇ ದಿನ ಹೇಳ್ಬೇಕು.' ಪಕ್ಕದ ಹುಡುಗಿ, 'ನಮಗೂ ಹಂಗೇ ಆಗುತ್ತಲ್ಲ, ಆವಾಗ ನಮ್ಮನ್ಯಾಕೆ ಅಲುಗಾಡಿಸ್ತಾರೆ?' ಎಂದಳು. ಇನ್ನೊಬ್ಬರ ಮನಸ್ಸು ಅರಿಯುವುದು, ತನ್ನ ಮನಸ್ಸು ಅರಿಯುವುದು, ಎರಡು ಕೌಶಲ ಎರಡು ನಿಮಿಷದಲ್ಲಿ ಬಂದುಹೋದವು. ಆ ಹೆಸರುಗಳನ್ನು ನಾನು ಹೇಳಲೂ ಇಲ್ಲ.

ಮೊಬೈಲ್ ವಿಷಯಕ್ಕೆ ಭಾಷಣ ಬೇಡ. ಒಂದೇ ಒಂದು ಸನ್ನಿವೇಶ ಸಾಕು: ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದವನು ಫೋಟೋ ಕೇಳುತ್ತಾನೆ, ಕೊಟ್ಟ ಮೇಲೆ ಹೆದರಿಸುತ್ತಾನೆ. ಕೊಡುವ ಮೊದಲಿನ ಮಾತನ್ನೂ, ಕೊಟ್ಟುಬಿಟ್ಟ ಮೇಲೆ ಮನೆಯಲ್ಲಿ ಹೇಳುವ ಮೊದಲ ಮಾತನ್ನೂ ಎರಡನ್ನೂ ಅಭ್ಯಾಸ ಮಾಡಿಸಿ. ಎರಡನೆಯದೇ ಮುಖ್ಯ. 'ಅಮ್ಮಾ, ನನ್ನಿಂದ ಒಂದು ತಪ್ಪಾಗಿದೆ, ಬೈಯೋ ಮೊದಲು ಪೂರ್ತಿ ಕೇಳು' ಎಂಬ ವಾಕ್ಯವನ್ನು ಹುಡುಗರೂ ಹುಡುಗಿಯರೂ ಜೋರಾಗಿ ಹೇಳಬೇಕು. ಸೈಬರ್ ಸಹಾಯವಾಣಿ 1930, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಇನ್ನು ಪೀರಿಯಡ್ ಕೇಳುವ ಸಹೋದ್ಯೋಗಿಗಳು. ಅವರ ಕಷ್ಟ ನಿಜ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆಯಾದರೆ ಸಭೆಯಲ್ಲಿ ಎದ್ದು ನಿಲ್ಲುವವರು ಅವರು. ಅವರಿಗೆ ನಮ್ಮ ನಿಮ್ಹಾನ್ಸ್‌ನ ಕೆಲಸದ ಬಗ್ಗೆ ಹೇಳಿ. ಕರ್ನಾಟಕದ ಪ್ರೌಢಶಾಲೆಗಳಲ್ಲಿ ತರಬೇತಿ ಪಡೆದ ಶಿಕ್ಷಕರೇ ನಡೆಸಿದ ಜೀವನ ಕೌಶಲ ತರಗತಿಗಳನ್ನು ಡಾ. ಶ್ರೀಕಲಾ ಭರತ್ ಮತ್ತು ಡಾ. ಕಿಶೋರ್ ಕುಮಾರ್ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಕಾರ್ಯಕ್ರಮದಲ್ಲಿದ್ದ 605 ಮಕ್ಕಳನ್ನು, ಇಲ್ಲದ 423 ಮಕ್ಕಳ ಜೊತೆ ಹೋಲಿಸಿದ್ದರು. ತಮ್ಮ ಬಗ್ಗೆ ತಮಗಿರುವ ಗೌರವ, ಕಷ್ಟ ಎದುರಿಸುವ ಧೈರ್ಯ, ಶಾಲೆಗೆ ಹೊಂದಿಕೊಳ್ಳುವುದು, ಶಿಕ್ಷಕರ ಜೊತೆಗಿನ ಸಂಬಂಧ, ಇವೆಲ್ಲ ಮೊದಲ ಗುಂಪಿನಲ್ಲಿ ಚೆನ್ನಾಗಿದ್ದವು. ಶಿಕ್ಷಕರ ಮಾತು ಕೇಳುವ ಮಕ್ಕಳು ಗಣಿತಕ್ಕೂ ಬೇಕು ತಾನೆ? ಆದರೆ ಆ ಅಧ್ಯಯನ ಇನ್ನೊಂದನ್ನೂ ಹೇಳಿದೆ, ಅದನ್ನು ಮುಚ್ಚಿಡಬಾರದು. ಮನೆಯವರ ಜೊತೆ, ಗೆಳೆಯರ ಜೊತೆ ಹೊಂದಿಕೊಳ್ಳುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಮಾನಸಿಕ ತೊಂದರೆಗಳಲ್ಲೂ ಕಾಣಲಿಲ್ಲ. ಈ ಪೀರಿಯಡ್ ಮದ್ದಲ್ಲ. ವಾರಗಟ್ಟಲೆ ಮಂಕಾಗಿರುವ, ನಿದ್ದೆ ಊಟ ಬಿಟ್ಟ, ಸಾಯುವ ಮಾತಾಡುವ ಮಗುವನ್ನು ನೀವೇ ಸರಿಮಾಡಲು ಹೋಗಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ಗೆ, ಮನೋವೈದ್ಯರಿಗೆ ತೋರಿಸಲು ಮನೆಯವರನ್ನು ಒಪ್ಪಿಸಿ.

ಹೊರಗಿನಿಂದ ಯಾರನ್ನೋ ಕರೆಸಿ ಮಾದಕ ವಸ್ತುವಿನ ಬಗ್ಗೆ ಒಂದು ದಿನ ಹೆದರಿಸುವ ಭಾಷಣ ಕೊಡಿಸಿದರೆ ಸಾಕು ಎನ್ನುವವರೂ ಇರುತ್ತಾರೆ. ಅಮೆರಿಕದಲ್ಲಿ 1983ರಲ್ಲಿ ಶುರುವಾದ ಡೇರ್ ಎಂಬ ಕಾರ್ಯಕ್ರಮದಲ್ಲಿ ಸಮವಸ್ತ್ರದ ಪೊಲೀಸರೇ ಶಾಲೆಗಳಿಗೆ ಬಂದು ಪಾಠ ಮಾಡುತ್ತಿದ್ದರು. ಬಹಳ ಜನಪ್ರಿಯವಾಯಿತು. ಆಮೇಲೆ ಅಧ್ಯಯನಗಳು ನೋಡಿದಾಗ ಮಕ್ಕಳ ನಡವಳಿಕೆಯಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ.

ಹತ್ತನೇ ತರಗತಿಯ ಶಿಕ್ಷಕರು ಒಂದೇ ಪೀರಿಯಡ್ ಕೊಡುತ್ತೇವೆ ಎಂದರೆ ಅದನ್ನು ಫಲಿತಾಂಶದ ದಿನಕ್ಕೆ ಬಳಸಿ. 'ಫೇಲ್ ಆಗಿದೆ. ಮೊಬೈಲಲ್ಲಿ ನೋಡಿದೆ. ಮನೆ ಬಾಗಿಲಲ್ಲಿ ನಿಂತಿದ್ದೀಯ. ಮೊದಲ ಮಾತು ಏನು?' ಎಷ್ಟೋ ಮಕ್ಕಳು ಆ ಬಾಗಿಲವರೆಗೂ ಹೋಗದೆ ಬೇರೆಲ್ಲಿಗೋ ಹೋಗುತ್ತಾರೆ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಪರೀಕ್ಷೆಗಳಿವೆ, ಜಾಸ್ತಿ ಬಂದ ಅಂಕವೇ ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ 'ಅಪ್ಪಾ, ಗಣಿತ ಹೋಗಿದೆ, ಪರೀಕ್ಷೆ ಎರಡಕ್ಕೆ ಕಟ್ತೀನಿ' ಎಂಬ ವಾಕ್ಯವನ್ನು ಒಂದು ಸಾರಿಯೂ ಬಾಯಲ್ಲಿ ಹೇಳದ ಮಗುವಿಗೆ ಆ ದಿನ ಅದು ನೆನಪಾಗುವುದಿಲ್ಲ. ಚೆನ್ನಾಗಿ ಓದುವವರಿಂದಲೂ ಹೇಳಿಸಿ. 95 ನಿರೀಕ್ಷಿಸಿ 80 ತೆಗೆದ ಮಗುವಿನ ಅವಮಾನ ಕಡಿಮೆಯದಲ್ಲ.

ಒಂದು ವಿಷಯ ಬಿಟ್ಟಿದ್ದೆ. ವಾರದಲ್ಲಿ ನಲವತ್ತು ನಿಮಿಷ ನೀವು ಜೀವನ ಕೌಶಲ ಕಲಿಸುತ್ತೀರಿ, ಉಳಿದ ದಿನವೆಲ್ಲ ಮಕ್ಕಳು ನಿಮ್ಮನ್ನು ನೋಡುತ್ತಾರೆ. ವಿಜ್ಞಾನದ ತರಗತಿಗೆ ತಡವಾಗಿ ಬಂದವನನ್ನು ನೀವು ಬಾಗಿಲಲ್ಲೇ ನಿಲ್ಲಿಸಿ ಎಲ್ಲರೆದುರು ಬೈದರೆ ಸಿಟ್ಟು ನಿಭಾಯಿಸುವ ಪಾಠ ಅಲ್ಲೇ ಅಳಿಸಿಹೋಗುತ್ತದೆ. ಬೈದುಬಿಟ್ಟಿರಾ? ಆಗುತ್ತದೆ, ನಾವೂ ಮನುಷ್ಯರು. ಮಾರನೇ ದಿನ ಎಲ್ಲರೆದುರೇ, 'ನಿನ್ನೆ ನನಗೆ ತಲೆನೋವಿತ್ತು, ನಿನ್ನ ಮೇಲೆ ಕೂಗಿದೆ, ಸಾರಿ' ಎಂದುಬಿಡಿ. ದೊಡ್ಡವರು ಕ್ಷಮೆ ಕೇಳುವುದನ್ನು ಎಷ್ಟೋ ಮಕ್ಕಳು ಮೊದಲ ಸಾರಿ ನೋಡುವುದು ಆಗಲೇ.

ಕೊನೆಯದಾಗಿ, ಶಾಲೆಯಲ್ಲಿ ಒಂದು ಪ್ರಶ್ನೆ ಡಬ್ಬಿ ಇಡಿ. ರಟ್ಟಿನ ಡಬ್ಬಿ ಸಾಕು, ಬೀಗ ಮಾತ್ರ ಇರಲಿ. ಹೆಸರು ಬರೆಯುವುದು ಬೇಡ. ಮೊದಲ ವಾರ ಏನೂ ಬರುವುದಿಲ್ಲ, ಇಲ್ಲವೇ ಚಾಕೊಲೇಟ್ ಕಾಗದ, ತಮಾಷೆ ಚೀಟಿ ಬರುತ್ತದೆ. ಬೈಯಬೇಡಿ, ಡಬ್ಬಿ ತೆಗೆಯಲೂ ಬೇಡಿ. ಅವರು ನಿಮ್ಮನ್ನು ಪರೀಕ್ಷೆ ಮಾಡುತ್ತಿರುತ್ತಾರೆ. ಮೂರನೇ ನಾಲ್ಕನೇ ವಾರ, ಎಂಟು ಮಡಿಕೆ ಮಡಚಿದ ಒಂದು ಚೀಟಿ ಬರುತ್ತದೆ. ಅದನ್ನು ನೀವೊಬ್ಬರೇ ಮೊದಲು ಓದಿ. ಬರೆದವರ ಗುರುತು ಸಿಗದ ಹಾಗೆ ಊರು ಬದಲಾಯಿಸಿ, ಹುಡುಗಿಯಾಗಿದ್ದರೆ ಹುಡುಗ ಮಾಡಿ, ಮುಂದಿನ ಪೀರಿಯಡ್‌ನಲ್ಲಿ 'ಒಂದೂರಲ್ಲಿ ಒಬ್ಬ ಇದ್ದ' ಎಂದು ಶುರು ಮಾಡಿ. ಬರೆದ ಮಗು ಯಾವುದು ಎಂದು ಹುಡುಕಲು ಕಣ್ಣು ಹಾಯಿಸಬೇಡಿ, ಬೋರ್ಡಿನ ಕಡೆ ತಿರುಗಿ ಮಾತಾಡಿದರೂ ಪರವಾಗಿಲ್ಲ.